ಕಂಬ ನೋಡಿದರು, ಗೋಡೆ ಓದಲಿಲ್ಲ

ಸ್ನೇಹಿತರೊಬ್ಬರು ಕಳುಹಿಸಿದ ಪ್ರವಾಸದ ವಿಡಿಯೊವೊಂದನ್ನು ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ಸ್ಪೇನಿನ ವೆಲೆನ್ಸಿಯಾ ನಗರದಲ್ಲಿ ರೇಷ್ಮೆ ವರ್ತಕರು ಸೇರುತ್ತಿದ್ದ ‘ಲೋನ್ಹಾ ದೆ ಲಾ ಸೆದಾ’ ಎಂಬ ಭವನದೊಳಗೆ ಹೋದವರು, ಹುರಿ ಹೊಸೆದ ಹಗ್ಗದಂತಿರುವ ಅದರ ಕಂಬಗಳನ್ನು ಎಲ್ಲ ದಿಕ್ಕುಗಳಿಂದಲೂ ತೋರಿಸಿದರು, ಚರ್ಚಿನಂತಿದೆ ಎಂದರು, ಅರಮನೆಯಂತಿದೆ ಎಂದರು, ಹೊರಬಂದರು. ಅಲ್ಲಿ ಯಾರು ನಿಂತು ಏನು ಮಾಡುತ್ತಿದ್ದರು ಎಂಬ ಬಗ್ಗೆ ಒಂದು ಮಾತೂ ಇಲ್ಲ. ಗೋಡೆಗಳ ಮೇಲ್ಭಾಗದಲ್ಲಿ ಸಭಾಂಗಣವನ್ನು ಸುತ್ತುವರಿದಿರುವ ಬರಹ ಕ್ಯಾಮೆರಾಕ್ಕೆ ಕಂಡಿತು, ಆದರೆ ಅದನ್ನು ಯಾರೂ ಓದಲಿಲ್ಲ.

ಕಂಬಗಳು ಬೆರಗು ಹುಟ್ಟಿಸುತ್ತವೆ, ನಿಜ. ಪೆರೆ ಕೊಂಪ್ತೆ ಎಂಬ ವಾಸ್ತುಶಿಲ್ಪಿಯ ಮುಂದಾಳತ್ವದಲ್ಲಿ 1483ರಿಂದ 1498ರವರೆಗೆ ಕಟ್ಟಿದ ಆ ಸಭಾಂಗಣದ ಚಾವಣಿ 17 ಮೀಟರಿಗೂ ಎತ್ತರದಲ್ಲಿದೆ. ಆದರೆ ನಿಜವಾದ ಧೈರ್ಯ ಇರುವುದು ಗೋಡೆಯ ಲ್ಯಾಟಿನ್ ಬರಹದಲ್ಲಿ. ಹದಿನೈದು ವರ್ಷಗಳಲ್ಲಿ ಎದ್ದ ಹೆಸರಾಂತ ಮನೆ ನಾನು ಎಂದು ಆರಂಭವಾಗುವ ಅದು, ಮಾತಿನಲ್ಲಿ ಮೋಸವಿಲ್ಲದ, ನೆರೆಯವನಿಗೆ ಕೊಟ್ಟ ಭಾಷೆಗೆ ತಪ್ಪದ, ಹಣವನ್ನು ಬಡ್ಡಿಗೆ ಬಿಡದ ವ್ಯಾಪಾರ ಎಷ್ಟು ಒಳ್ಳೆಯದೆಂದು ಸವಿದು ನೋಡಿರಿ ಎಂದು ಊರಿನವರನ್ನು ಕರೆಯುತ್ತದೆ. ಹಾಗೆ ನಡೆದ ವರ್ತಕನಿಗೆ ಸಂಪತ್ತೂ ಕೊನೆಗೆ ನಿತ್ಯಜೀವವೂ ದೊರೆಯುತ್ತದೆ ಎನ್ನುತ್ತದೆ. ಬೈಬಲಿನ ಕೀರ್ತನೆಯಲ್ಲಿ ದೇವರ ಒಳ್ಳೆಯತನವನ್ನು ಕುರಿತು ಬಂದ ‘ಸವಿದು ನೋಡಿರಿ’ ಎಂಬ ಕರೆಯನ್ನು, ಚರ್ಚಿನ ಎದುರಿಗೇ ಇರುವ ಕಟ್ಟಡದಲ್ಲಿ, ಒಂದು ನಗರ ವ್ಯಾಪಾರಕ್ಕೆ ಸಲ್ಲಿಸಿತು!

ನಾನು ಅಂಗಡಿಯವರ ಮನೆಯ ಮಗ. ‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಮಾತನ್ನು ಮೇಷ್ಟರ ಬಾಯಲ್ಲೂ ನೆಂಟರ ಬಾಯಲ್ಲೂ ಕೇಳಿ ಒಳಗೊಳಗೇ ನೊಂದವನು. ಆ ಬರಹವನ್ನು ಓದದೆ ಬಂದವರ ಮೇಲೆ ನನಗೆ ಇಷ್ಟು ಸಿಟ್ಟು ಬರಲು ಅದೇ ಕಾರಣ.

ಗೋಡೆಯ ಆ ಬರಹ ಬರಿಯ ಉಪದೇಶವೂ ಆಗಿರಲಿಲ್ಲ. ಕಡಲ ವ್ಯಾಪಾರದ ತಕರಾರುಗಳನ್ನು ತೀರಿಸುವ ‘ಕೊನ್ಸೊಲಾತ್ ದೆ ಮಾರ್’ ಎಂಬ ನ್ಯಾಯಪೀಠ ಆ ನಗರದಲ್ಲಿ 1283ರಲ್ಲೇ ಹುಟ್ಟಿತ್ತು. ಹಡಗಿನ ಬಾಡಿಗೆ, ದಾರಿಯಲ್ಲಿ ಕೆಟ್ಟುಹೋದ ಸರಕು, ಪಾಲುಗಾರರ ಜಗಳ ಇವುಗಳನ್ನು ಆ ಕಸುಬು ಬಲ್ಲವರೇ ಕೇಳಿ, ರೂಢಿಯ ಕಟ್ಟಳೆಗಳಂತೆ ಬೇಗ ತೀರ್ಪು ಕೊಡುತ್ತಿದ್ದರು. ಈ ಪೀಠಕ್ಕಾಗಿ ಭವನದ ಪಕ್ಕದಲ್ಲೇ ಕಟ್ಟಿದ ಭಾಗ 1548ರಲ್ಲಿ ಮುಗಿಯಿತು. ಊರಿನ ಆಡಳಿತವೇ ಹೊಣೆ ಹೊತ್ತು ನಡೆಸುತ್ತಿದ್ದ ‘ತೌಲಾ ದೆ ಕಾನ್ವಿಸ್’ ಎಂಬ ಬ್ಯಾಂಕಿಗೂ ಈ ಭವನದಲ್ಲೇ ಜಾಗವಿತ್ತು. ಗೋಪುರದ ಮೇಲಿನ ಕೋಣೆಗಳಲ್ಲಿ ಸಾಲ ತೀರಿಸದ ವರ್ತಕರನ್ನು ಕೂಡಿಹಾಕುತ್ತಿದ್ದರು. ಕೊಟ್ಟ ಮಾತು, ಇಟ್ಟ ಹಣ, ತಪ್ಪಿದರೆ ವಿಚಾರಣೆ, ಶಿಕ್ಷೆ ಎಲ್ಲವೂ ಒಂದೇ ಸೂರಿನಡಿ ಇದ್ದ ಇಂಥ ವ್ಯವಸ್ಥೆಯನ್ನು ಬಿಟ್ಟು ಕಂಬದ ತಿರುವನ್ನಷ್ಟೇ ಹೊಗಳುವುದು ನನಗೆ ಅನ್ಯಾಯವೆನಿಸುತ್ತದೆ. 1996ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಯುನೆಸ್ಕೊ ಕೂಡ ತನ್ನ ಕಿರುಪರಿಚಯದಲ್ಲಿ ಹೇಳುವುದು ಆ ವರ್ತಕ ನಗರದ ಬಲವನ್ನು, ಸಂಪತ್ತನ್ನು. ವ್ಯಾಪಾರದಲ್ಲಿನ ನಂಬಿಕೆಯ ಬಗ್ಗೆ ಅಲ್ಲಿಯೂ ಮಾತಿಲ್ಲ.

ಅದೇ ವೆಲೆನ್ಸಿಯಾದಲ್ಲಿ ಗುಲಾಮರ ಮಾರಾಟವೂ ನಡೆಯುತ್ತಿತ್ತು, ಭವನ ಏಳುತ್ತಿದ್ದಾಗಲೇ 1492ರಲ್ಲಿ ಸ್ಪೇನಿನಿಂದ ಯೆಹೂದ್ಯರನ್ನು ಹೊರಗಟ್ಟಿದರು, ಬಡ್ಡಿ ಬೇಡವೆಂದವರು ಹಣ ಪಾವತಿಯ ಹುಂಡಿ ಪತ್ರಗಳ ಮರೆಯಲ್ಲಿ ಬಡ್ಡಿ ಪಡೆದರು ಎಂದು ಕೆಲವರು ಖಂಡಿತ ಹೇಳುತ್ತಾರೆ. ಅವೆಲ್ಲ ನಡೆದದ್ದೇ. ಆದರೆ ಆ ವರ್ತಕರು ನುಡಿದಂತೆ ನಡೆಯಲಿಲ್ಲವೆಂದು ದೂರುವುದಕ್ಕಾದರೂ ಅವರು ನುಡಿದದ್ದೇನೆಂದು ಮೊದಲು ತಿಳಿದಿರಬೇಕಲ್ಲವೇ? ಅದಕ್ಕೂ ಆ ಗೋಡೆಯನ್ನೇ ಓದಬೇಕು.