ಹುಲ್ಲಿಗೊಂದು ಪರ್ಮಿಷನ್

ಕೊನೆಗೂ ಸರ್ಕಾರ ತನ್ನದೇ ಜಮೀನನ್ನು ಉಳಿಸಿಕೊಳ್ಳಲು ತನಗೆ ತಾನೇ ಒಪ್ಪಿಗೆ ಕೊಟ್ಟುಕೊಂಡಿದೆ. ಚಪ್ಪಾಳೆ ಹೊಡೆಯಬೇಕಾದ ವಿಷಯ.

ಬೆಂಗಳೂರಿನ ಅಂಚಿನಲ್ಲಿರುವ ಹೆಸರಘಟ್ಟದ ಹುಲ್ಲುಗಾವಲಿನ ಕಥೆ ನಿಮಗೆ ಗೊತ್ತಿರುವುದೇ. ಇದನ್ನು ಸಂರಕ್ಷಣಾ ಮೀಸಲು ಮಾಡೋಣ ಅನ್ನುವ ಪ್ರಸ್ತಾವಕ್ಕೆ 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಬೇಡ ಅಂದಿತು. ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ ಬೇಕು ಅಂದಿತು. 2025ರ ಜನವರಿಯಲ್ಲಿ ಸಂಪುಟವೂ ಹೂಂಗುಟ್ಟಿತು. ಸುಮಾರು 5,678 ಎಕರೆ ಈಗ ಸಂರಕ್ಷಣಾ ಮೀಸಲು. ಇಷ್ಟು ವರ್ಷ ಹುಲ್ಲು ಏನು ಮಾಡುತ್ತಿತ್ತು? ಸುಮ್ನೆ ಬೆಳೆಯುತ್ತಿತ್ತು. ಒಂದೇ ಒಂದು ಇಲಾಖೆಯ ಎನ್‌ಒಸಿ ಇಲ್ಲದೆ. ಇಂಥ ಅಶಿಸ್ತನ್ನು ಎಷ್ಟು ದಿನ ಸಹಿಸೋದು?

ಹುಲ್ಲಿನ ದೊಡ್ಡ ತಪ್ಪು ಅಂದ್ರೆ ಅದು ಮರ ಅಲ್ಲ. ಮರವಾಗಿದ್ದರೆ ಅಪ್ಪಿಕೊಂಡು ಫೋಟೊ ತೆಗೆಸಿಕೊಳ್ಳಬಹುದಿತ್ತು. ವನಮಹೋತ್ಸವಕ್ಕೆ ಮಂತ್ರಿಗಳು ಬರುತ್ತಿದ್ದರು. ಹುಲ್ಲು ಕಂಡರೆ ನಮ್ಮ ಆಫೀಸುಗಳಿಗೆ ಹೊಳೆಯುವುದು ಒಂದೇ ಪದ, ಪಾಳುಭೂಮಿ. ಪರಿಸರ ಪ್ರೇಮಿಗಳಿಗೆ ಇನ್ನೊಂದು ಹೊಳೆಯುತ್ತದೆ, ಅಯ್ಯೋ ಖಾಲಿ ಬಿದ್ದಿದೆ, ನಾಲ್ಕು ಸಸಿ ನೆಡೋಣ. ಹುಲ್ಲುಗಾವಲಿನಲ್ಲಿ ಸಸಿ ನೆಟ್ಟರೆ ಅಲ್ಲಿನ ನೆಲಗುಬ್ಬಿಗಳು ಜಾಗ ಖಾಲಿ ಮಾಡುತ್ತವೆ. ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳಿಗೆ ರಾತ್ರಿ ಕೂರಲು ಬೇಕಿರುವುದು ಎತ್ತರದ ಹುಲ್ಲು, ಮಂತ್ರಿಗಳು ನೆಟ್ಟ ಹೊಂಗೆ ಅಲ್ಲ. ಆದರೆ ಗಿಡುಗ ಮನವಿ ಪತ್ರ ಬರೆಯುವುದಿಲ್ಲ.

ಈ ಜಮೀನಿಗೆ ಫಿಲ್ಮ್ ಸಿಟಿಯ ಋಣವೂ ಇತ್ತು. ಅದರ ಬಗ್ಗೆ ಎರಡು ಮಾತು ಹೇಳಲೇಬೇಕು, ಯಾಕಂದ್ರೆ ಕರ್ನಾಟಕದ ಅತ್ಯಂತ ಅಪರೂಪದ ವಲಸೆ ಹಕ್ಕಿ ಅದೇ. ಒಂದು ಸರ್ಕಾರದಲ್ಲಿ ಮೈಸೂರು ಬಳಿಯ ಹಿಮ್ಮಾವಿನಲ್ಲಿ ಕಂಡಿತು. ಮುಂದಿನ ಸರ್ಕಾರದಲ್ಲಿ ರಾಮನಗರಕ್ಕೆ ಹಾರಿತು. ಆಮೇಲೆ ತಾತಗುಣಿಯ ರೋರಿಕ್ ಎಸ್ಟೇಟಿನ ಮೇಲೆ ಸ್ವಲ್ಪ ಹೊತ್ತು ಸುತ್ತು ಹೊಡೆಯಿತು. ಅಲ್ಲೂ ಗಲಾಟೆಯಾದಾಗ ಹೆಸರಘಟ್ಟದ ಹುಲ್ಲಿಗೆ ಬಂದು ಇಳಿಯಲು ನೋಡಿತು. ಈಗ ಮತ್ತೆ ಮೈಸೂರಿಗೆ ವಾಪಸ್. ಮುಖ್ಯಮಂತ್ರಿ ಯಾವ ಜಿಲ್ಲೆಯವರು ಅನ್ನುವುದನ್ನು ನೋಡಿಕೊಂಡು ದಿಕ್ಕು ಬದಲಿಸುವ ಹಕ್ಕಿ ಪ್ರಪಂಚದಲ್ಲಿ ಇನ್ನೊಂದಿಲ್ಲ. ಗೂಡು ಕಟ್ಟಿದ್ದನ್ನು ಇವತ್ತಿನವರೆಗೆ ಯಾರೂ ಕಂಡಿಲ್ಲ. ನಿಜಕ್ಕೂ ಮೀಸಲು ಪ್ರದೇಶ ಬೇಕಿರುವುದು ಇದಕ್ಕೇ.

ಇರಲಿ. ಮೀಸಲು ಆಯಿತಲ್ಲ, ಇನ್ನು ನಡೆಸುವವರು ಯಾರು? ಇಲ್ಲಿ ನಮ್ಮ ಕಾನೂನು ಬರೆದವರಿಗೆ ಸಾಷ್ಟಾಂಗ ಹಾಕಬೇಕು. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಲ್ಲಿ ಈ ಸಂರಕ್ಷಣಾ ಮೀಸಲು ಸೇರಿಕೊಂಡಿತು. ರಾಷ್ಟ್ರೀಯ ಉದ್ಯಾನದಷ್ಟು ಬಿಗಿ ಇಲ್ಲ, ಅಭಯಾರಣ್ಯದಷ್ಟು ರಗಳೆ ಇಲ್ಲ. ಸರ್ಕಾರಿ ಜಮೀನಿಗೆ ಮಾತ್ರ ಅನ್ವಯ. ಸ್ಥಳೀಯರನ್ನು ಕೇಳಿ ಘೋಷಿಸಬೇಕು. ನೋಡಿಕೊಳ್ಳಲು ಒಂದು ಸಮಿತಿ. ಅದರಲ್ಲಿ ಅರಣ್ಯ ಇಲಾಖೆಯವರು ಸದಸ್ಯ ಕಾರ್ಯದರ್ಶಿ. ಮೀಸಲು ಯಾವ ಯಾವ ಗ್ರಾಮ ಪಂಚಾಯ್ತಿಗೆ ಸೇರುತ್ತದೋ ಅಲ್ಲಿಂದ ಒಬ್ಬೊಬ್ಬರು. ವನ್ಯಜೀವಿ ಸಂಸ್ಥೆಗಳಿಂದ ಮೂವರು. ಕೃಷಿ ಮತ್ತು ಪಶುಸಂಗೋಪನೆ ಇಲಾಖೆಯಿಂದ ಒಬ್ಬೊಬ್ಬರು. ಎಲ್ಲರೂ ಸೇರಿ, ಟೀ ಬಿಸ್ಕತ್ತು ಮುಗಿಸಿ, ಏನು ಮಾಡಬೇಕು? ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲಹೆ ಕೊಡಬೇಕು. ಅಷ್ಟೇ. ಆದೇಶ ಅಲ್ಲ, ಸಲಹೆ.

ಜಂಟಿ ನಿರ್ವಹಣೆ ಅಂದ್ರೆ ಇದು. ಜವಾಬ್ದಾರಿ ಎಲ್ಲರದ್ದೂ, ಅಧಿಕಾರ ಒಬ್ಬರದ್ದು, ತಪ್ಪಾದರೆ ಯಾರದ್ದೂ ಅಲ್ಲ. ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಇದನ್ನು ಓದಿದರೆ ಅಸೂಯೆ ಪಡುತ್ತಾರೆ.

ಅದೂ ಹೆಸರಘಟ್ಟದಂಥ ಜಾಗ. ಒಂದು ತುಂಡು ಪಶುಸಂಗೋಪನೆಯವರದ್ದು, ಇನ್ನೊಂದು ತೋಟಗಾರಿಕೆಯವರದ್ದು, ಮತ್ತೊಂದು ಕಂದಾಯದವರದ್ದು. 1894ರಲ್ಲಿ ಅರ್ಕಾವತಿಗೆ ಅಡ್ಡ ಕಟ್ಟಿದ ಕೆರೆ ಜಲಮಂಡಳಿಯ ಬಾಬತ್ತು. ಲಾವಕ್ಕಿ ಪೊದೆಯಿಂದ ಪೊದೆಗೆ ಓಡಿದರೆ ಇಲಾಖೆಯೇ ಬದಲಾಗುತ್ತದೆ. ಕಡತ ಮಾತ್ರ ಅಷ್ಟು ಬೇಗ ಓಡುವುದಿಲ್ಲ.

ಸಮಿತಿಯ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕುರಿ ಕಾಯುವವನಿಗೆ ಅಲ್ಲಿ ಕುರ್ಚಿ ಇದೆಯಾ? ಪಂಚಾಯ್ತಿ ಪ್ರತಿನಿಧಿ ಇದ್ದಾರಲ್ಲ ಅಂತೀರಿ. ಬೆಂಗಳೂರು ಸುತ್ತಮುತ್ತಲಿನ ಪಂಚಾಯ್ತಿಗಳಲ್ಲಿ ಈಗ ಕುರಿ ಮಾತಾಡುವವರು ಜಾಸ್ತಿಯೋ, ಸೈಟು ಮಾತಾಡುವವರು ಜಾಸ್ತಿಯೋ, ನೀವೇ ಹೇಳಿ.

ನನಗೆ ತಮಾಷೆ ನಿಂತು ಹೋಗುವುದು ಇಲ್ಲೇ. ಮೀಸಲು ಆದರೆ ನಿಮ್ಮ ಮನೆ ಹೋಗುತ್ತೆ, ದನ ಮೇಯಿಸೋಕೆ ಬಿಡಲ್ಲ, ಬೋರ್‌ವೆಲ್ ಕೊರೆಯೋಕಾಗಲ್ಲ ಅಂತ ಊರೂರಲ್ಲಿ ಸುದ್ದಿ ಹಬ್ಬಿತು. ಕಾಯ್ದೆಯಲ್ಲಿ ಇರುವುದು ಸರ್ಕಾರಿ ಜಮೀನು ಅಂತ. ಅದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಊರ ಕಟ್ಟೆ ಮೇಲೆ ಕೂತು ಓದಿ ಹೇಳಬಹುದಿತ್ತು. ಅದಕ್ಕೆಷ್ಟು ಖರ್ಚು? ಜನ ಹೆದರಿದ್ದಾರೆ ಅಂತ ಮಂಡಳಿಯಲ್ಲಿ ಹೇಳಿದವರಿಗೆ ಆ ಹೆದರಿಕೆ ಹೋಗುವುದು ಬೇಕಿರಲಿಲ್ಲ. ಇನ್ನು ಜನರ ಹೆದರಿಕೆಯೂ ಸುಳ್ಳಲ್ಲ. ಬೋರ್ಡು ನೆಟ್ಟ ಮರುದಿನದಿಂದ ಖಾಕಿ ಹಾಕಿದವರು ಕುರಿಯವನನ್ನು ತಡೆಯುತ್ತಾರೆ, ಜೀಪಿನಲ್ಲಿ ಹುಲ್ಲು ತುಳಿದುಕೊಂಡು ಮದುವೆ ಮುಂಚಿನ ಫೋಟೊ ತೆಗೆಸುವ ಜೋಡಿಗೆ ದಾರಿ ಬಿಡುತ್ತಾರೆ. ಇದನ್ನು ಎಷ್ಟು ಕಡೆ ನೋಡಿಲ್ಲ ನಾವು.

ಚಿತ್ರದುರ್ಗದ ಚಳ್ಳಕೆರೆ ಕಡೆ ಹೋಗಿ ನೋಡಿ. ಅಮೃತ ಮಹಲ್ ದನಗಳ ಕಾವಲು, ಸಾವಿರಾರು ಎಕರೆ. ಉಳ್ಳಾರ್ತಿ, ಖುದಾಪುರ ಸುತ್ತಲಿನ ಊರಿನವರು ತಲೆತಲಾಂತರದಿಂದ ಕುರಿ ದನ ಮೇಯಿಸಿಕೊಂಡಿದ್ದ ಹುಲ್ಲು. ಡಿಆರ್‌ಡಿಒ, ಐಐಎಸ್‌ಸಿ, ಇಸ್ರೊ, ಬಾರ್ಕ್‌ನಂಥ ರಕ್ಷಣೆ, ವಿಜ್ಞಾನದ ಸಂಸ್ಥೆಗಳಿಗೆ ಹಂಚಿಕೆ ಆಯಿತು. ಗೋಡೆ ಎದ್ದ ಮೇಲೆ ಎಷ್ಟೋ ಜನಕ್ಕೆ ವಿಷಯ ಗೊತ್ತಾಗಿದ್ದು. ಅಲ್ಲಿ ಯಾರೂ ಸ್ಥಳೀಯರ ಆತಂಕ ಅಂತ ಮೇಜು ಗುದ್ದಲಿಲ್ಲ. ಹುಲ್ಲನ್ನು ಕೊಡುವಾಗ ಜನರನ್ನು ಕೇಳಬೇಕು ಅಂತ ಅನ್ನಿಸುವುದಿಲ್ಲ. ಹುಲ್ಲನ್ನು ಉಳಿಸುವಾಗ ಮಾತ್ರ ನಮ್ಮ ಪ್ರಜಾಪ್ರಭುತ್ವ ಉಕ್ಕಿ ಹರಿಯುತ್ತದೆ.

ಸರಿ ಬಿಡಿ, ಈಗ ಶುಭ ಕಾರ್ಯ ಆಗಿದೆ, ಕೊಂಕು ಬೇಡ. ಸಮಿತಿಯ ಮೊದಲ ಸಭೆ ಹೇಗಿರಬಹುದು ಅಂತ ನಾನು ಊಹಿಸಬಲ್ಲೆ. ವಿಷಯ ಒಂದು, ಗಡಿ ಗುರುತಿಸುವುದು. ಸರ್ವೆ ಇಲಾಖೆಗೆ ಪತ್ರ ಬರೆಯಲು ತೀರ್ಮಾನ. ವಿಷಯ ಎರಡು, ಒತ್ತುವರಿ. ಗಡಿ ಗುರುತಿಸಿದ ಮೇಲೆ ನೋಡೋಣ ಅಂತ ತೀರ್ಮಾನ. ವಿಷಯ ಮೂರು, ಮೀಸಲು ಪ್ರದೇಶದ ಸೌಂದರ್ಯ ಹೆಚ್ಚಿಸಲು ಪ್ರವೇಶದ್ವಾರದ ಎರಡೂ ಬದಿ ಸಾವಿರ ಸಸಿ ನೆಡುವುದು. ಇದಕ್ಕೆ ಮಾತ್ರ ಸರ್ವಾನುಮತ. ಟೆಂಡರ್ ಆಗಲೇ ರೆಡಿ ಇರುತ್ತೆ.