ಹನ್ನೆರಡು ಗುಂಡಿನ ಡಬ್ಬಿ

ನಮ್ಮನೆ ಅಡುಗೆಮನೇಲಿ ಮುಚ್ಚಳಗಳದ್ದೇ ಒಂದು ಬುಟ್ಟಿ ಇದೆ. ನಿಮ್ಮನೇಲೂ ಇರತ್ತೆ ಬಿಡಿ. ಸ್ಟೀಲ್ ಡಬ್ಬಿದು, ಟಿಫನ್ ಕ್ಯಾರಿಯರ್‌ದು, ಯಾವ ಕಾಲದಲ್ಲೋ ಒಡೆದುಹೋದ ಮಿಕ್ಸಿ ಜಾರ್‌ದು, ಎಲ್ಲಾ ಸೇರಿ ಇಪ್ಪತ್ತು ಮುಚ್ಚಳ, ಅದರಲ್ಲಿ ಒಂದೂ ಈಗಿರೋ ಯಾವ ಡಬ್ಬಿಗೂ ಕೂರಲ್ಲ, ಕೂತಂಗೆ ಕಾಣ್ಸತ್ತೆ ಅಷ್ಟೇ, ಈ ಕಡೆ ಒತ್ತಿದ್ರೆ ಆ ಕಡೆ ಏಳತ್ತೆ. ಅಮೆರಿಕಾದಲ್ಲಿ ಮೂರು ಮನೆ ಬದಲಾಯಿಸಿದೀವಿ, ಮೂರು ಸಲವೂ ಆ ಬುಟ್ಟಿ ಜೊತೆಗೇ ಬಂತು. ಇದನ್ನ ನೋಡಿ ತುಂಬಾ ವರ್ಷ ನಗ್ತಿದ್ದೆ. ಈಗ ನಗಲ್ಲ. ಯಾಕಂದ್ರೆ ಒಂದೂವರೆ ವರ್ಷದಿಂದ ನಾನೂ ಒಂದು ತಗಡಿನ ಡಬ್ಬಿ ಹುಡುಕ್ಕೊಂಡು ಅಲೀತಿದೀನಿ, ಹಳೇ ರೈಫಲ್ಲಿನ ಹೊಟ್ಟೆ ಕೆಳಗೆ ಸಿಕ್ಕಿಸೋ, ಗುಂಡು ತುಂಬೋ ಮ್ಯಾಗಝೀನು.

ಆಗಿದ್ದು ಇಷ್ಟೇ. ಡಲ್ಲಾಸ್ ಹತ್ರ ಒಂದು ಗನ್ ಶೋಗೆ ಸುಮ್ನೆ ನೋಡ್ಕೊಂಡ್ ಬರೋಣ ಅಂತ ಹೋಗಿದ್ದೆ (ಸುಮ್ನೆ ನೋಡೋಕೆ ಹೋದವರೇ ಜಾಸ್ತಿ ಖರ್ಚು ಮಾಡೋದು, ಸೀರೆ ಅಂಗಡೀಲೂ ಇದೇ ಕಥೆ). ಮಿಲಿಟರಿ ಸರ್ಪ್ಲಸ್ ಟೇಬಲ್ ಮೇಲೆ ಜರ್ಮನಿದು ರಷ್ಯಾದು ಸಾಲಾಗಿ ಮಲಗಿದ್ವು, ನಡುವೆ ಒಂದು ಮುಖ ಎಲ್ಲೋ ನೋಡಿದಂಗಿದೆಯಲ್ಲ ಅನ್ನಿಸ್ತು. ಬಗ್ಗಿ ನೋಡಿದ್ರೆ ಬ್ರಿಟಿಷ್ ಕಿರೀಟ ಇರಬೇಕಾದ ಜಾಗದಲ್ಲಿ ಅಶೋಕನ ಸಿಂಹ, ಜೊತೆಗೆ ಆರ್‌ಎಫ್‌ಐ, 2ಎ1 ಅನ್ನೋ ಮಾಡೆಲ್ ಹೆಸರು, 1967. ಕೊಲ್ಕತ್ತಾ ಪಕ್ಕದ ಇಶಾಪುರ ರೈಫಲ್ ಫ್ಯಾಕ್ಟರಿ ಮಾಲು! ನಾನು ಹಾಸನದಲ್ಲಿ ಎನ್‌ಸಿಸಿ ಮಾಡ್ದೋನು, ಇದರ ಅಣ್ಣ ಥ್ರೀ ನಾಟ್ ಥ್ರೀನ ಹೆಗಲ ಮೇಲೆ ಹೊತ್ಕೊಂಡು ಬಿಸಿಲಲ್ಲಿ ಗ್ರೌಂಡ್ ಸುತ್ತಿದೋನು, ಅದೂ ಗುಂಡು ಹಾರಿಸಕ್ಕಾಗದ ಡ್ರಿಲ್ ರೈಫಲ್ಲು, 'ಜಾಂಚ್ ಶಸ್ತ್ರ್' (ಅಂದ್ರೆ ರೈಫಲ್ ತಪಾಸಣೆ) ಅಂತ ಉಸ್ತಾದ್ ಕೂಗಿದ್ರೆ ಈಗ್ಲೂ ಕೈ ತಾನಾಗೇ ಗುಂಡು ಒಳಕ್ಕೆ ತಳ್ಳೋ ಬೋಲ್ಟ್ ಹಿಡ್ಕೊಳತ್ತೆ. ಊರಲ್ಲಿದ್ರೆ ಇದನ್ನ ಇಟ್ಕೊಳೋ ಮಾತೇ ಇಲ್ಲ, .303 ಆಗ್ಲಿ ಈ ರೈಫಲ್ಲಿನ 7.62 ಗುಂಡಾಗ್ಲಿ ಅಲ್ಲಿ ಪ್ರೊಹಿಬಿಟೆಡ್ ಬೋರ್, ಅಂದ್ರೆ ಸಾರ್ವಜನಿಕರಿಗೆ ನಿಷೇಧ ಇರೋ ಅಳತೆ, ಅದಕ್ಕೇ ಅಲ್ವಾ ಇದೇ ಇಶಾಪುರದೋರು ಸಾರ್ವಜನಿಕರಿಗೆ ಅಂತ .315 ಬೇರೆ ಮಾಡಿದ್ದು. ಇಲ್ಲಿ ಗ್ರೀನ್ ಕಾರ್ಡ್ ಇದ್ರೆ ಕೊಳ್ಳಬಹುದು. ಫಾರಂ ತುಂಬ್ಸಿ ಚೆಕ್ ಮಾಡಿ ಕೊಟ್ರು. ಮನೆಗೆ ತಂದೆ, ಬೀಗ ಹಾಕಿದ ಬೀರೂಲಿ ಇಟ್ಟೆ, ಹೆಂಡತಿಗೆ ಭಾನುವಾರ ಹೇಳಿದೆ.

1962ರ ಚೀನಾ ಯುದ್ಧ ಆದ್ಮೇಲೆ ನಮ್ಮೋರು ಎಚ್ಚೆತ್ಕೊಂಡು, ಎಲ್ಲರಿಗೂ ಎಸ್‌ಎಲ್‌ಆರ್ (ತಾನೇ ಗುಂಡು ತುಂಬ್ಕೊಳೋ ರೈಫಲ್) ಸಿಗೋ ತನಕ ಏನ್ ಮಾಡೋದು ಅಂತ ಹಳೇ ಲೀ ಎನ್‌ಫೀಲ್ಡ್ (ಅದೇ ಥ್ರೀ ನಾಟ್ ಥ್ರೀ) ಮೈಗೇ ಗಟ್ಟಿ ಸ್ಟೀಲ್ ಹಾಕಿ, ಹೊಸ 7.62 ಗುಂಡು ನುಂಗೋ ಹಾಗೆ ಮಾಡಿದ್ದೇ ಈ ರೈಫಲ್. ಮ್ಯಾಗಝೀನು ಮಾತ್ರ ಹೊಸದು. .303ರ ಡಬ್ಬಿ ಹತ್ತು ಗುಂಡಿಂದು, ಆ ಗುಂಡಿಗೆ ಹಿಂದ್ಗಡೆ ಅಂಚು ದಪ್ಪ ಆದ್ರಿಂದ ಡಬ್ಬಿಯ ತಳ ಓರೆ. ಇದಕ್ಕೆ ಹನ್ನೆರಡು, ತಳ ಹೆಚ್ಚುಕಮ್ಮಿ ಚೌಕ, ಬೆಲ್ಲದಚ್ಚಿನ ಥರ. ಐದೈದರ ಎರಡು ಕ್ಲಿಪ್ಪು ಮೇಲಿಂದ ಒತ್ತಿ, ಆಮೇಲೆ ಎರಡು ಬಿಡಿ ಗುಂಡು ಬೆರಳಲ್ಲಿ.

ರೇಂಜಿಗೆ ಹೋದ ಮೊದಲನೇ ದಿನ ಒಂದು ಹೋಯ್ತು, ಎರಡು ಹೋಯ್ತು, ಮೂರನೇದು ತಲೆ ತಗ್ಗಿಸ್ತು. ಮೂತಿ ಕೆಳಗೆ, ಬಾಲ ಮೇಲೆ, ಡಬ್ಬಿಯ ಮುಂದಿನ ಗೋಡೆಗೆ ಹಣೆ ಕೊಟ್ಕೊಂಡು ನಿಂತ್ಬಿಡ್ತು. ಬೋಲ್ಟ್ ಹಿಂದೆ ಎಳೆದು ಬೆರಳಲ್ಲಿ ಎಬ್ಬಿಸಿ ಮತ್ತೆ ತಳ್ಳಿದ್ರೆ ಹೋಗತ್ತೆ, ಆರನೇದು ಮತ್ತೆ ಅದೇ ಥರ. ಪಕ್ಕದ ಲೇನ್ ಅಜ್ಜ ನೋಡ್ತಾ ಇದ್ದೋರು ಒಂದೇ ಮಾತು ಅಂದ್ರು, ರೈಫಲ್ ಸರಿ ಇದೆ ಮಗಾ, ಡಬ್ಬಿ ಸರಿ ಇಲ್ಲ, ಬೇರೆ ತಗೋ. ಬೇರೆ ತಗೋ ಅಂತೆ! ತರಕಾರಿ ಅಂಗಡೀಲಿ ಬೇರೆ ಬದನೆಕಾಯಿ ತಗೋ ಅಂದಂಗೆ.

ಅಸಲಿ ತೊಂದ್ರೆ ಏನಂದ್ರೆ ಲೀ ಎನ್‌ಫೀಲ್ಡ್ ಮಾಡ್ದೋರು ಯಾರೂ ಇದನ್ನ ಬದಲಾಯಿಸ್ತಾ ಇರಬೇಕಾದ ವಸ್ತು ಅಂತ ಅನ್ಕೊಂಡಿರಲೇ ಇಲ್ಲ. ಜೇಮ್ಸ್ ಪ್ಯಾರಿಸ್ ಲೀ ಅನ್ನೋರು ಕಳಚೋಕ್ಕಾಗೋ ಡಬ್ಬಿಗೆ ಪೇಟೆಂಟ್ ತಗೊಂಡಿದ್ದು 1879ರಲ್ಲಿ. ಬ್ರಿಟಿಷ್ ಸೈನ್ಯ ಅದನ್ನ ತಗೊಂಡು ಏನ್ ಮಾಡ್ತು ಅಂದ್ರೆ, ಕಳಚೋ ಡಬ್ಬೀನ ಒಂದು ಪುಟ್ಟ ಕೊಂಡಿ ಹಾಕಿ ರೈಫಲ್ಲಿಗೇ ಕಟ್ಬಿಡ್ತು, ಬ್ಯಾಂಕಲ್ಲಿ ಪೆನ್ನಿಗೆ ದಾರ ಕಟ್ತಾರಲ್ಲ ಹಂಗೆ, ಸಿಪಾಯಿ ಕಳ್ಕೊಂಡ್ರೆ ಅಂತ. ಆಮೇಲೆ ಕೊಂಡಿ ಹೋಯ್ತು, ಬುದ್ಧಿ ಹೋಗ್ಲಿಲ್ಲ. ಗುಂಡು ಮೇಲಿಂದ ಕ್ಲಿಪ್ಪಲ್ಲಿ ತುಂಬೋದು, ಡಬ್ಬಿ ತೆಗೆಯೋದು ತೊಳೆಯೋಕೆ ಮಾತ್ರ. ಒಂದು ರೈಫಲ್ಲಿಗೆ ಒಂದು ಡಬ್ಬಿ, ಆ ರೈಫಲ್ಲಿಗೇ ಅಡ್ಜಸ್ಟ್ ಆಗಿರೋದು. ಹಂಗಾಗಿ ಸ್ಪೇರ್ ಅನ್ನೋದೇ ಅಪರೂಪ, ಸಿಕ್ಕಿದ್ರೂ ಅದು ಯಾವುದೋ ಸತ್ತ ರೈಫಲ್ಲಿಂದ ಬಿಚ್ಚಿದ್ದು.

ಎಸ್‌ಎಲ್‌ಆರ್ ಮ್ಯಾಗಝೀನ್ ಹಾಕು, ಗುಂಡು ಒಂದೇ ಅಲ್ವಾ ಅಂತ ಒಬ್ಬರು ಸಲಹೆ ಕೊಟ್ರು. ಗುಂಡು ಒಂದೇ ಆದ್ರೆ ಡಬ್ಬಿ ಒಂದೇ ಆಗತ್ತಾ, ಅಕ್ಕಿ ಒಂದೇ ಅಂತ ಇಡ್ಲಿ ತಟ್ಟೇಲಿ ದೋಸೆ ಹುಯ್ಯಕ್ಕಾಗತ್ತಾ. ಅಷ್ಟಕ್ಕೂ ಎಸ್‌ಎಲ್‌ಆರ್ ವಂಶದೊಳಗೇ ಜಗಳ ಇದೆ, ಬೆಲ್ಜಿಯಂ ಕಡೇದು ಮೆಟ್ರಿಕ್, ಬ್ರಿಟಿಷರದ್ದು ಇಂಚು. ಮೆಟ್ರಿಕ್ ಡಬ್ಬಿ ಇಂಚಿನ ರೈಫಲ್ಲಲ್ಲಿ ಲೊಡಲೊಡ ಅಂತ ಹೆಂಗೋ ಕೂರತ್ತೆ, ಇಂಚಿನ ಡಬ್ಬಿ ಮುಂದ್ಗಡೆ ದೊಡ್ಡ ಮೂಗು ಇರೋದ್ರಿಂದ ಮೆಟ್ರಿಕ್‌ಗೆ ಹೋಗೋದೇ ಇಲ್ಲ. ಕಣ್ಣಿಗೆ ಎರಡೂ ಒಂದೇ!

ನಾನು ಮೊದಲು ತರಿಸಿದ್ದು, 2ಎ1ದೇ ಅಂತ ಆಣೆ ಪ್ರಮಾಣ ಮಾಡಿ ಕಳಿಸಿದ್ದು, ಪೊಟ್ಟಣ ಬಿಚ್ಚಿದ್ರೆ ತಳ ಓರೆ. .303ದು. ವಾಪಸ್ ತಗೊಳಲ್ಲ ಅಂದ್ರು. ಎರಡನೇದು ಮೂರು ತಿಂಗಳಾದ್ಮೇಲೆ ಸಿಕ್ತು, ಅಸಲಿನೇ, ತಳ ಚೌಕ, ಆದ್ರೆ ತುಟಿ ಹಾಳು. ತುಟಿ ಅಂದ್ರೆ ಡಬ್ಬಿ ಬಾಯಲ್ಲಿ ಒಳಕ್ಕೆ ಬಾಗಿರೋ ತಗಡಿನ ಎರಡು ಅಂಚು, ಮೇಲಿನ ಗುಂಡನ್ನ ಹಿಡ್ಕೊಂಡಿರೋದು ಅದೇ, ಬೋಲ್ಟ್ ಬಂದು ತಳ್ಳಿದಾಗ ಸರಿಯಾದ ಟೈಮಿಗೆ ಬಿಡೋದೂ ಅದೇ. ಕೂದಲೆಳೆಯಷ್ಟು ಅಗಲ ಆದ್ರೆ ಗುಂಡು ಬೇಗ ಪುಟಿಯತ್ತೆ, ಕಿರಿದಾದ್ರೆ ಬಿಡೋದೇ ಇಲ್ಲ. ನನಗಿಂತ ಮುಂಚೆ ಯಾರೋ ಪುಣ್ಯಾತ್ಮ ಇಕ್ಕಳ ಹಾಕಿ ರಿಪೇರಿ ಮಾಡಿದ್ದ, ಹಲ್ಲಿನ ಗುರುತು ಹಂಗೇ ಇತ್ತು. ನಾಲ್ಕು ಕೇಜಿ ಮೇಲಿರೋ ಉಕ್ಕು, ಮರ, ಅಶೋಕನ ಸಿಂಹ, ಎಲ್ಲದರ ಮಾನ ಈ ಎರಡು ತಗಡಿನ ಅಂಚಲ್ಲಿದೆ ನೋಡಿ.

ಬೇ ಏರಿಯಾದಲ್ಲಿರೋ ವಿರಾಜಪೇಟೆ ಸ್ನೇಹಿತನಿಗೆ ಫೋನ್ ಮಾಡಿ ಗೋಳು ಹೇಳ್ಕೊಂಡೆ. ಅವನ ಮನೇಲಿ ಕೋವಿ ಅಂದ್ರೆ ದೇವರಮನೆ ಸಾಮಾನು, ಕೈಲ್‌ಪೊಳ್ದು ಅನ್ನೋ ಕೊಡವರ ಹಬ್ಬಕ್ಕೆ ಕೋವಿಗೆ ತೋಕ್ ಪೂ ಅನ್ನೋ ಹೂವಿಟ್ಟು ಪೂಜೆ ಮಾಡೋ ಜನ. 'ಹತ್ತರ ಮೇಲೆ ಹಿಡಿಯೋ ಡಬ್ಬಿ ನಮ್ ಕ್ಯಾಲಿಫೋರ್ನಿಯಾದಲ್ಲಿ ತರಿಸೋಕೇ ಬಿಡಲ್ಲ ಮಾರಾಯ, ನಿನ್ನ ಹನ್ನೆರಡು ಅಲ್ಲೇ ಇಟ್ಕೋ' ಅಂದ. ಆಮೇಲೆ ನಕ್ಕು, 'ನಮ್ಮಜ್ಜನ ಜೋಡು ನಳಿಗೆ ಕೋವಿಗೆ ಈ ತಲೆನೋವೇ ಇಲ್ಲ ನೋಡು, ಎರಡು ತೋಟಾ, ಎರಡು ತೂತು' ಅಂದ. ಉರೀತು, ಆದ್ರೆ ಅವನು ಹೇಳಿದ್ದು ಸರಿ.

ಅಮ್ಮಂಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಮ್ಯಾಗಝೀನ್ ಹುಡುಕ್ತಿದೀನಿ ಅಂದಿದ್ದಕ್ಕೆ ಸುಧಾ ಕಳಿಸ್ಲಾ, ಮಯೂರ ಕಳಿಸ್ಲಾ ಅಂತ ಕೇಳಿದ್ರು. ಅವರದ್ದೇನೂ ತಪ್ಪಿಲ್ಲ. ಅರಬ್ಬಿ ಭಾಷೇಲಿ ಉಗ್ರಾಣ ಅನ್ನೋ ಪದದಿಂದ ಬಂದಿರೋದು ಈ ಮ್ಯಾಗಝೀನ್, ನಮ್ಮ ಖಜಾನೆನೂ ಅದೇ ಬೇರಿಂದು. ಶ್ರೀರಂಗಪಟ್ಟಣದ ಟಿಪ್ಪು ಮದ್ದಿನ ಮನೇನೂ ಒಂಥರಾ ಮ್ಯಾಗಝೀನೇ. ಅದು ಜೋಡಿ ರೈಲು ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಪಕ್ಕಕ್ಕೆ ಸರಿಸಿದ್ರಲ್ಲ, ಆ ಎಂಜಿನಿಯರುಗಳು ನನ್ನ ಡಬ್ಬೀನೂ ಒಂದ್ಸಲ ನೋಡಿದ್ರೆ ಚೆನ್ನಾಗಿತ್ತು.

ಕೊನೆಗೆ ಒಂದು ಶನಿವಾರ ಮೂಲ ಡಬ್ಬೀನೇ ಬಿಚ್ಚಿದೆ. ಒಳಗೆ ಗುಂಡುಗಳನ್ನ ಹೊತ್ಕೊಂಡು ಮೇಲೇಳೋ ತಗಡಿಗೆ ಬ್ರಿಟಿಷರು ಇಟ್ಟ ಹೆಸರು ಪ್ಲಾಟ್‌ಫಾರ್ಮ್. ನಮ್ಮ ಪ್ಲಾಟ್‌ಫಾರ್ಮಿನ ಒಂದು ಮೂಲೆ ಎದ್ದೇಳ್ತಾನೇ ಇರ್ಲಿಲ್ಲ, ಯಾಕಂದ್ರೆ ಅಡಿಯಲ್ಲಿ ದಶಕಗಳ ಗ್ರೀಸು ಒಣಗಿ ಹಲಸಿನ ಮೇಣದ ಥರ ಅಂಟ್ಕೊಂಡಿತ್ತು. ಅಡುಗೆಮನೆ ಸಿಂಕಲ್ಲಿ ಕುದಿಯೋ ನೀರು, ಪಾತ್ರೆ ಸೋಪು, ಹಳೇ ಹಲ್ಲುಜ್ಜೋ ಬ್ರಶ್ಶು. ಮನೆಯವಳು ಬಾಗಿಲಲ್ಲಿ ನಿಂತು ಏನೂ ಮಾತಾಡ್ಲಿಲ್ಲ, ಅದು ಬೈಗುಳಕ್ಕಿಂತ ಕಷ್ಟ. ಒಣಗಿಸಿ, ಒಂದು ತೊಟ್ಟು ಎಣ್ಣೆ ಹಾಕಿ, ಡಮ್ಮಿ ಗುಂಡು ತುಂಬಿ ಬೋಲ್ಟ್ ಎಳೆದೆ, ತಳ್ಳಿದೆ. ಹತ್ತಕ್ಕೆ ಹತ್ತೂ ಬೆಣ್ಣೆ ಥರ ಹೋದ್ವು. ಹನ್ನೆರಡು ತುಂಬಿದ್ರೆ ಮೊದಲನೇದು ಈಗ್ಲೂ ಸ್ವಲ್ಪ ಮೊಂಡಾಟ ಮಾಡತ್ತೆ, ಹಂಗಾಗಿ ಹತ್ತೇ ತುಂಬ್ತೀನಿ, ಟೆಕ್ಸಾಸಲ್ಲಿ ಕೂತ್ಕೊಂಡು ಕ್ಯಾಲಿಫೋರ್ನಿಯಾ ರೂಲ್ಸ್ ಪಾಲಿಸ್ತಿದೀನಿ ಅಂತ ವಿರಾಜಪೇಟೆಯವನಿಗೆ ಹೇಳಿಲ್ಲ.

ಮೂರಕ್ಕೂ ಸ್ಕೆಚ್ ಪೆನ್ನಲ್ಲಿ ನಂಬರ್ ಬರೆದಿದ್ದೆ. ಒಂದು ಕೆಲ್ಸಕ್ಕೆ, ಎರಡು ತುಟಿ ಹಾಳಾಗಿದ್ದು, ಯಾರಾದ್ರೂ ಗನ್‌ಸ್ಮಿತ್‌ಗೆ ತೋರಿಸ್ಬೇಕು, ಮೂರು ಆ ಓರೆ ತಳದ್ದು. ಮೊನ್ನೆ ಮೂರನೇದು ಕಾಣಲಿಲ್ಲ. ಗ್ಯಾರೇಜೆಲ್ಲ ತಡಕಾಡಿ ಕಾಫಿ ಮಾಡ್ಕೊಳೋಣ ಅಂತ ಒಳಗೆ ಬಂದ್ರೆ, ಮುಚ್ಚಳದ ಬುಟ್ಟೀಲಿ, ಮಿಕ್ಸಿ ಜಾರ್ ಮುಚ್ಚಳದ ಪಕ್ಕ ಕೂತಿತ್ತು. ತೆಗೀಲಿಲ್ಲ, ಅಲ್ಲೇ ಬಿಟ್ಟೆ.