ಎರಡೇ ಬಾಗಿಲಿನ ಡೈಲಿ ಡ್ರೈವರ್

ಕಾರ್ ರಿವ್ಯೂ ಮಾಡೋರಿಗೆಲ್ಲ ಈಗ ಒಂದೇ ಚಟ, ಯಾವ ಲಕ್ಷುರಿ ಕೂಪೆ (ಬೆನ್ನು ಇಳಿಜಾರಾಗಿರೋ ಎರಡು ಬಾಗಿಲಿನ ಕಾರು) ಕೈಗೆ ಸಿಕ್ರೂ ಕೊನೇಲಿ "ಇದನ್ನ ಆರಾಮಾಗಿ ಡೈಲಿ ಓಡಿಸ್ಬೋದು ಗುರೂ" ಅಂತ ಒಂದು ಸರ್ಟಿಫಿಕೇಟ್ ಕೊಟ್ಬಿಡೋದು. ಐನೂರು ಚಿಲ್ರೆ ಹಾರ್ಸ್‌ಪವರ್, ನೆಲಕ್ಕೆ ಹೊಟ್ಟೆ ತಾಗೋ ಎತ್ತರ, ಎರಡೇ ಬಾಗಿಲು, ಹಿಂದೆ ಸೀಟು ಅಂತ ಹೆಸರಿಟ್ಕೊಂಡಿರೋ ಎರಡು ಗುಳಿ. ಆದ್ರೂ ಡೈಲಿ. ಯಾರ ಡೈಲಿ ಅಂತ ಮಾತ್ರ ಯಾರೂ ಬಾಯಿಬಿಡಲ್ಲ. ಮನೇಲಿ ಮಕ್ಕಳಿಲ್ದೆ, ವಯಸ್ಸಾದೋರಿಲ್ದೆ, ಸಾಮಾನು ತರೋ ತಾಪತ್ರಯ ಇಲ್ದೆ, ದಿನಾ ಸಂಜೆ ಬಿಸಿಲಲ್ಲಿ ಖಾಲಿ ಬೆಟ್ಟದ ರಸ್ತೇಲೇ ಆಫೀಸಿಗೆ ಹೋಗಿ ಬರೋ ಪುಣ್ಯಾತ್ಮ ಎಲ್ಲೋ ಒಬ್ಬ ಇರ್ಬೇಕು, ಈ ರಿವ್ಯೂ ಎಲ್ಲ ಅವನಿಗೇ ಮಾಡೋದು.

ಟೆಸ್ಟ್ ಡ್ರೈವ್ ಅನ್ನೋ ನಾಟಕಾನೇ ನೋಡಿ. ನಾನೂ ಹೋಗಿದ್ದೆ, ಇವನು ತಗೊಳ್ಳೋ ಗಿರಾಕಿ ಅಲ್ಲ ಅಂತ ಮುಖ ನೋಡಿದ್ರೇ ಗೊತ್ತಾಗೋ ಹಾಗಿದ್ರೂ ಪಾಪ ಸೇಲ್ಸ್ ಹುಡುಗ ಮರ್ಯಾದೆಯಿಂದ್ಲೇ ಕೀ ಕೊಟ್ಟ. ಟೈಮು ಅವರೇ ಗೊತ್ತು ಮಾಡಿದ್ದು, ಟ್ರಾಫಿಕ್ ಇನ್ನೂ ಕಣ್ಣು ಬಿಡೋ ಮುಂಚೆ. ರೂಟೂ ಅವರದ್ದೇ, ಒಂದೂ ಗುಂಡಿ ಇಲ್ಲ. ಕಾರನ್ನ ತೊಳ್ದು ಒರೆಸಿ ಮೂತಿ ರಸ್ತೆ ಕಡೆಗೇ ತಿರುಗಿಸಿ ಗೇಟ್ ಹತ್ರ ನಿಲ್ಸಿದ್ರು, ಹಾಗಾಗಿ ರಿವರ್ಸ್ ತೆಗೆಯೋ ಪ್ರಸಂಗಾನೇ ಬರ್ಲಿಲ್ಲ. ಹಿಂದೆ ಯಾರೂ ಕೂರ್ಲಿಲ್ಲ, ಡಿಕ್ಕಿ ಯಾರೂ ತೆಗೀಲಿಲ್ಲ. ನೇರ ರಸ್ತೆ ಬಂದ ಕೂಡ್ಲೇ "ಸರ್, ಈಗ ಒತ್ತಿ" ಅಂದ, ಒತ್ತಿದೆ, ಬೆನ್ನು ಸೀಟಿಗೆ ಅಂಟ್ಕೊಳ್ತು, ಖುಷಿ ಆಯ್ತಪ್ಪ ಸುಳ್ಳ್ಯಾಕೆ ಹೇಳ್ಲಿ, ಅಷ್ಟರಲ್ಲಿ ಸಿಗ್ನಲ್ ಬಂತು. ವಾಪಸ್. "ಹೇಗನಿಸ್ತು ಸರ್, ಡೈಲಿ ಯೂಸಿಗೆ?" ದಿನಾ ಏನೇನ್ ಗೋಳಿರುತ್ತೋ ಅದನ್ನೆಲ್ಲ ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟು ಆಮೇಲೆ ಕೇಳೋ ಪ್ರಶ್ನೆ ಇದು.

ನನ್ನ ಕೇಳಿದ್ರೆ ಟೆಸ್ಟ್ ಡ್ರೈವ್ ಶುರು ಆಗ್ಬೇಕಾದ್ದು ಬೇಸ್‌ಮೆಂಟ್ ಪಾರ್ಕಿಂಗಲ್ಲಿ. ಒಂದು ಕಡೆ ಕಂಬ, ಇನ್ನೊಂದು ಕಡೆ ಗೆರೆ ಮೇಲೇ ನಿಲ್ಸಿ ಹೋಗಿರೋ ಯಾರದೋ ದೊಡ್ಡ ಗಾಡಿ. ಕೂಪೆ ಬಾಗಿಲು ಮಾಮೂಲಿ ಕಾರಿನ ಮುಂದಿನ ಬಾಗಿಲಿಗಿಂತ ಉದ್ದ, ಯಾಕಂದ್ರೆ ಹಿಂದೆ ಹೋಗೋರೂ ಅದೇ ಸಂದೀಲಿ ತೂರ್ಬೇಕಲ್ಲ, ಬಾಗಿಲು ಉದ್ದ ಆದಷ್ಟೂ ತೆರೆಯೋಕೆ ಪಕ್ಕದಲ್ಲಿ ಜಾಗ ಜಾಸ್ತಿ ಬೇಕು, ಆ ಜಾಗ ಪಾರ್ಕಿಂಗಲ್ಲಿ ಇರಲ್ಲ. ಅರ್ಧ ಅಡಿ ತೆರೆಯುತ್ತೆ, ಅಷ್ಟೇ. ಮೊದ್ಲು ಒಂದು ಕಾಲು, ಆಮೇಲೆ ತಲೆ, ಆಮೇಲೆ ಉಸಿರು ಬಿಗಿ ಹಿಡ್ಕೊಂಡು ಹೊಟ್ಟೆ, ಈ ಕ್ರಮದಲ್ಲಿ ಒಳಗೆ ಸೇರ್ಬೇಕು, ಕ್ರಮ ತಪ್ಪಿದ್ರೆ ಮತ್ತೆ ಹೊರಗೆ ಬಂದು ಮೊದ್ಲಿಂದ. ಕೋಟು ಹಾಕ್ಕೊಂಡಿದ್ರೆ ಪಕ್ಕದ ಗಾಡಿಯ ಧೂಳು ಫ್ರೀಯಾಗಿ ಒರೆಸಿಕೊಟ್ಟ ಹಾಗೂ ಆಗುತ್ತೆ.

ಸರಿ, ಕೂತಿದ್ದಾಯ್ತು, ಬೆಲ್ಟ್ ಹಾಕ್ಬೇಕು. ಬಾಗಿಲು ಉದ್ದ ಅಂದ್ಮೇಲೆ ಬೆಲ್ಟ್ ಇರೋ ಕಂಬ ಭುಜದಿಂದ ಹಿಂದೆಲ್ಲೋ ಹೋಗಿರುತ್ತೆ, ಕತ್ತು ಕೈ ಎರಡನ್ನೂ ತಿರುಚಿ ಹುಡುಕ್ಬೇಕು. ಮರ್ಸಿಡಿಸ್‌ನವರು 1981ರಲ್ಲೇ ಎಸ್‌ಇಸಿ ಕೂಪೇಲಿ ಇದಕ್ಕೊಂದು ಉಪಾಯ ಮಾಡಿದ್ರು, ಹಿಂದಿನಿಂದ ಒಂದು ಪುಟ್ಟ ಮೋಟಾರ್ ಕೈ ಸುಯ್ ಅಂತ ಮುಂದಕ್ಕೆ ಬಂದು ಬೆಲ್ಟನ್ನ ನಮ್ಮ ಹತ್ರ ತಂದು ಹಿಡಿಯುತ್ತೆ, ನೋಡೋಕೆ ರಾಜೋಪಚಾರ. ಬಾಗಿಲು ಗಿಡ್ಡ ಇದ್ದಿದ್ರೆ ಈ ಕೆಲಸಕ್ಕೆ ದೇವ್ರು ಕೊಟ್ಟ ಕೈಯೇ ಸಾಕಿತ್ತು. ರೋಲ್ಸ್-ರಾಯ್ಸ್‌ನವರ ರೇತ್ ಅಂತ ಒಂದು ಕೂಪೆ ಇತ್ತು, 2013ರಲ್ಲಿ ಬಂದಿದ್ದು, ಅದರ ಬಾಗಿಲಿಗೆ ಕೀಲು ಹಿಂದೆ, ಪೂರ್ತಿ ತೆರೆದ್ಮೇಲೆ ಕೂತಲ್ಲಿಂದ ಎಟುಕಲ್ಲ, ಅದಕ್ಕೆ ಬಾಗಿಲು ಮುಚ್ಚೋಕೇ ಒಂದು ಬಟನ್ ಇಟ್ಟಿದ್ರು. ತಾವೇ ಕಾಲುವೆ ತೋಡಿ, ತಾವೇ ಅದರ ಮೇಲೆ ಸೇತುವೆ ಕಟ್ಟಿ, ಆ ಸೇತುವೆಗೆ ಟೋಲ್ ಹಾಕೋ ಹಾಗೆ ಈ ವ್ಯಾಪಾರ, ನಾವು ಟೋಲ್ ಕಟ್ಟಿ "ಎಂಥಾ ಸೇತುವೆ!" ಅಂತ ಫೋಟೋ ಹಾಕ್ತೀವಿ.

ಹಿಂದಿನ ಸೀಟಿನ ವಿಷ್ಯಕ್ಕೆ ಬರೋಣ. ಕೂಪೇಲಿ ಹಿಂದೆ ಜಾಗ ಇಲ್ಲ ಅಂತ ದೂರೋರಿಗೆ ಒಂದು ಮಾತು, ಅದು ಕೊರತೆ ಅಲ್ಲ, ಅರ್ಹತೆ. ಎಸ್‌ಎಇ ಅನ್ನೋ ಎಂಜಿನಿಯರ್‌ಗಳ ಸಂಸ್ಥೆಯ ಜೆ1100 ಅನ್ನೋ ಮಾನದಂಡದ ಪ್ರಕಾರ ಹಿಂಭಾಗದ ಒಳಜಾಗ 33 ಘನ ಅಡಿಗಿಂತ ಕಮ್ಮಿ ಇದ್ರೇನೇ ಅದು ಕೂಪೆ, ಅದಕ್ಕಿಂತ ಜಾಸ್ತಿ ಇದ್ರೆ ಎರಡೇ ಬಾಗಿಲಿದ್ರೂ ಅದು ಸೆಡಾನ್. ಅಂದ್ರೆ ಅಜ್ಜಿ ಹಿಂದೆ ನೆಮ್ಮದಿಯಾಗಿ ಕಾಲು ಚಾಚಿದ್ರು ಅಂತಿಟ್ಕೊಳ್ಳಿ, ಕಾರು ಪರೀಕ್ಷೇಲಿ ಫೇಲು. ಪೋರ್ಷೆಯವರ 911 ಅಂತೂ 1964ರಿಂದ ಹಿಂದೆ ಎರಡು ಪುಟ್ಟ ಸೀಟು ಇಟ್ಕೊಂಡೇ ಬಂದಿದೆ, ಅದರ ನಿಜವಾದ ಪ್ರಯಾಣಿಕರು ಲ್ಯಾಪ್‌ಟಾಪ್ ಬ್ಯಾಗು ಮತ್ತೆ ಜಾಕೆಟ್ಟು.

ಈಗ ಅದೇ ಪುಟ್ಟ ಸೀಟಲ್ಲಿ ಮಗು ಕೂರಿಸ್ಕೊಂಡು ಸ್ಕೂಲ್ ಗೇಟಿಗೆ ಹೋಗಿ ನೋಡಿ. ಮುಂದೆ ಕೂತೋರು ಮೊದ್ಲು ಇಳೀಬೇಕು, ಸೀಟಿನ ಹೆಗಲ ಹತ್ರ ಇರೋ ಪಟ್ಟಿ ಎಳೀಬೇಕು, ಬೆನ್ನು ಬಗ್ಗುತ್ತೆ, ಆಮೇಲೆ ಸೀಟು ಮೋಟಾರಲ್ಲಿ ಜ್ಞ್ಞ್ಞ್ ಅಂತ ಮುಂದಕ್ಕೆ ಜರುಗೋಕೆ ಶುರು ಮಾಡುತ್ತೆ, ಲಕ್ಷುರಿ ಅಲ್ವಾ, ಅದಕ್ಕೆ ಅವಸರ ಅನ್ನೋದೇ ಗೊತ್ತಿಲ್ಲ. ಹಿಂದಿನ ಕಾರೋರು ಹಾರ್ನ್ ಹೊಡೀತಾರೆ, ಮಗು ಒಂದು ಕಾಲು ಹೊರಗಿಟ್ಟು ಬ್ಯಾಗ್ ಸಿಕ್ಕಾಕ್ಕೊಂಡು ನೇತಾಡ್ತಿದೆ, ಸೀಟು ಇನ್ನೂ ಜ್ಞ್ಞ್ಞ್. ಸೊನ್ನೆಯಿಂದ ನೂರಕ್ಕೆ ನಾಲ್ಕು ಚಿಲ್ರೆ ಸೆಕೆಂಡು ಅಂತ ಬ್ರೋಷರಲ್ಲಿ ದಪ್ಪಕ್ಷರದಲ್ಲಿ ಹಾಕಿರ್ತಾರಲ್ಲ, ಮಗು ಇಳಿಯೋಕೆ ಎಷ್ಟು ಸೆಕೆಂಡು ಅಂತ ಯಾವ ಬ್ರೋಷರಲ್ಲೂ ನಾನು ನೋಡಿಲ್ಲ.

ಇನ್ನು ಹಂಪು. 911ಗೆ ಮುಂಭಾಗ ಎತ್ತೋ ವ್ಯವಸ್ಥೆ ಆಪ್ಷನ್ನಾಗಿ ಸಿಗುತ್ತೆ, ಮೂತಿ ಸುಮಾರು 4 ಸೆಂಟಿಮೀಟರ್ ಮೇಲೆ ಹೋಗುತ್ತೆ, ಒಂದ್ಸಲ ಜಾಗ ಸೇವ್ ಮಾಡಿದ್ರೆ ಜಿಪಿಎಸ್ ನೋಡ್ಕೊಂಡು ಮುಂದಿನ ಸಲ ತಾನೇ ಎತ್ಕೊಳ್ಳುತ್ತೆ. ಅಂದ್ರೆ ಮನೆ ಮುಂದಿನ ಹಂಪ್ ದಾಟೋಕೆ ಉಪಗ್ರಹಗಳ ಸಹಾಯ! ಪಕ್ಕದ ಹಳೇ ಹ್ಯಾಚ್‌ಬ್ಯಾಕ್ ಯಾವ ಉಪಗ್ರಹಕ್ಕೂ ತೊಂದ್ರೆ ಕೊಡ್ದೆ ಗಡಗಡ ಅಂತ ದಾಟಿ ಹೋಗಿರುತ್ತೆ.

ನಾನು ಇದನ್ನೆಲ್ಲ ಕೇಳಿದ್ದಕ್ಕೆ ಸೇಲ್ಸ್ ಹುಡುಗ ಬೇಜಾರೇ ಮಾಡ್ಕೊಳ್ಲಿಲ್ಲ. "ಸರ್, ಇದನ್ನ ತಗೊಳ್ಳೋರ ಮನೇಲಿ ಡೈಲಿ ಯೂಸಿಗೆ ಇನ್ನೊಂದು ಎಸ್‌ಯುವಿ ಇದ್ದೇ ಇರುತ್ತೆ" ಅಂದ. ಇಷ್ಟು ಪ್ರಾಮಾಣಿಕ ಮಾತನ್ನ ನಾನು ಯಾವ ರಿವ್ಯೂನಲ್ಲೂ ಕೇಳಿಲ್ಲ, ಇವನನ್ನೇ ರಿವ್ಯೂ ಮಾಡೋಕೆ ಕೂರಿಸ್ಬೇಕು.

ಕಂಪನಿಗಳಿಗೂ ಈ ಗುಟ್ಟು ಗೊತ್ತು, ಅದಕ್ಕೇ ಮರ್ಸಿಡಿಸ್ 2004ರಲ್ಲಿ ಸಿಎಲ್‌ಎಸ್ ತಂದು ನಾಲ್ಕು ಬಾಗಿಲಿನ ಕೂಪೆ ಅಂದ್ರು, ನಾವು ಹೌದು ಅಂದ್ವಿ. 2008ಕ್ಕೆ ಬಿಎಂಡಬ್ಲ್ಯು ಎಕ್ಸ್6 ಅಂತ ಆಳೆತ್ತರದ ಎಸ್‌ಯುವಿಗೆ ಬೆನ್ನು ಇಳಿಜಾರು ಮಾಡಿ ಅದನ್ನೂ ಕೂಪೆ ಸಾಲಿಗೆ ಸೇರಿಸಿದ್ರು, ಅದಕ್ಕೂ ಹೌದು ಅಂದ್ವಿ. ಅಷ್ಟು ದೊಡ್ಡ ಗಾಡೀಲಿ ಶುರುವಲ್ಲಿ ಇದ್ದಿದ್ದು ನಾಲ್ಕೇ ಸೀಟು. ಬಾಗಿಲು ಸೇರಿಸಿ ಹಿಂದಿನೋರ ತಲೆ ಮೇಲಿನ ಜಾಗ ಕಿತ್ಕೊಂಡ್ರು, ಲೆಕ್ಕ ಚುಕ್ತಾ.

ಆ ಹುಡುಗ ಈಗ ಫೋನ್ ಮಾಡಿ ಅಂಥದ್ದೇ ಒಂದು ಕೂಪೆ-ಎಸ್‌ಯುವಿ ಟೆಸ್ಟ್ ಡ್ರೈವಿಗೆ ಕರೀತಿದಾನೆ, ಫ್ಯಾಮಿಲಿಗೆ ಹೇಳಿ ಮಾಡಿಸಿದ್ದಂತೆ. ಒಳ್ಳೇದಾಯ್ತಪ್ಪ, ಅತ್ತೆ-ಮಾವ, ಮಗು, ಎರಡು ಸೂಟ್‌ಕೇಸ್ ಎಲ್ಲ ಕರ್ಕೊಂಡೇ ಬರ್ತೀನಿ ಅಂದೆ. "ಸರ್, ನೀವೊಬ್ರೇ ಬಂದ್ರೆ ಗಾಡಿ ಫೀಲ್ ಚೆನ್ನಾಗಿ ಸಿಗುತ್ತೆ" ಅಂದ.